ಒಂದೇ ಕಥೆ, ಮೊದಲು ಮರಾಠಿ ಆಮೇಲೆ ಕನ್ನಡ
ಪುಣೆಯಲ್ಲಿ ಮರಾಠಿ ಓದಿ ಬೆಳೆಯುವ ನಮ್ಮ ಮಕ್ಕಳಿಗೆ ಪ್ರಥಮ್ ಬುಕ್ಸ್‌ನವರ ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಪ್ರಾಣಿ, ಗಿಡಮರಗಳ ಕಥೆಯೊಂದನ್ನು ಮೊದಲು ಮರಾಠಿಯಲ್ಲಿ ಓದಿಸಿ, ಕೂಡಲೇ ಅದನ್ನೇ ಕನ್ನಡದಲ್ಲಿ ತೆರೆಯಿರಿ. ಪೂರ್ತಿ ಉಚಿತ. ಚಿತ್ರಗಳು ಅವೇ, ಕಥೆಯೂ ಗೊತ್ತು, ಹಾಗಾಗಿ ಮಗು ಅರ್ಥಕ್ಕೆ ತಡವರಿಸದೆ ಮರಾಠಿಯ ಚಿಮಣಿ ಅಂದ್ರೆ ಗುಬ್ಬಿ, ಖಾರ್ ಅಂದ್ರೆ ಅಳಿಲು, ಮುಂಗಿ ಅಂದ್ರೆ ಇರುವೆ ಅಂತ ತಾನೇ ಹೊಂದಿಸಿಕೊಳ್ಳುತ್ತದೆ. ಹೆಸರು ಗೊತ್ತಿದ್ದರೆ ತಾನೇ ಪುಣೆಯ ವೇತಾಳ ಟೇಕಡಿ ಗುಡ್ಡದಲ್ಲಿ ಕಂಡದ್ದನ್ನು ಅಜ್ಜಿಗೆ ಫೋನಲ್ಲಿ ಕನ್ನಡದಲ್ಲೇ ಹೇಳಲು ಬರೋದು, ಅಲ್ವಾ? ಎಲ್ಲಾ ಕಥೆಗಳೂ ಎರಡೂ ಭಾಷೆಯಲ್ಲಿ ಇರುವುದಿಲ್ಲ, ಮೊದಲೇ ನೋಡಿಕೊಳ್ಳಿ. ಅಲ್ಲಿ ಓದಿನ 4 ಹಂತಗಳಿವೆ, 1ರಿಂದಲೇ ಶುರು ಮಾಡಿ. ಕನ್ನಡ ಅಕ್ಷರ ಇನ್ನೂ ಬಾರದ ಮಗುವಿಗೆ ಇದು ಒಂಟಿಯಾಗಿ ಕೆಲಸ ಮಾಡದು, ಪಕ್ಕದಲ್ಲಿ ಕೂತು ನೀವೇ ಓದಿ ಹೇಳಬೇಕು.