ಫ್ರೀಜರ್‌ನಲ್ಲಿ ಸೀಗೆಕಾಯಿ: ನನ್ನ ಅನುಭವ

"ಆ ರಾಡಿ ನನ್ನ ತಲೆಗೆ ಬೇಡ" ಅಂತ, ತಲೆ ತೊಳೆಯಲು ನಾನು ಮಾಡಿದ ಸೀಗೆಕಾಯಿ ರಸ ನೋಡಿ ಮಗಳು ಹೇಳಿ ಒಂದು ವರ್ಷವಾಯಿತು. ಈಗ ಭಾನುವಾರ ಬಂದರೆ ಫ್ರೀಜರ್ ಬಾಗಿಲು ಮೊದಲು ತೆಗೆಯುವವಳು ಅವಳೇ.

ಸೀಗೆಕಾಯಿ, ಅಂಟುವಾಳ, ಮೆಂತ್ಯ, ದಾಸವಾಳದ ಸೊಪ್ಪು. ಸಾಮಾನು ನಿಮಗೆಲ್ಲ ಗೊತ್ತಿರುವುದೇ. ನಾನು ಎಡವಿದ್ದು ಅಳತೆಯಲ್ಲಿ. ಮೊದಲ ಸಲ ನೊರೆಯ ಆಸೆಗೆ ಬಿದ್ದು ಅಂಟುವಾಳವನ್ನೂ ಸೀಗೆಯನ್ನೂ ಸಮ ಸಮ ಹಾಕಿದೆ. ನೊರೆ ಬಂತು, ಕೂದಲು ತೆಂಗಿನ ನಾರಾಯಿತು. ಕಣ್ಣಿನ ಉರಿ ಕೇಳಬೇಡಿ. ಮುಂದಿನ ಸಲ ಮೆಂತ್ಯ ಜಾಸ್ತಿಯಾಗಿ, ಒಣಗಿದ ಮೇಲೆ ಬಾಚಣಿಗೆ ತುಂಬ ಪುಡಿ. ತಲೆಹೊಟ್ಟು ಅಂತ ಅತ್ತೆ ಗಾಬರಿಯಾದರು.

ಪುಡಿ ಮಾಡಿಸೋಣ ಅಂತ ಹಿಟ್ಟಿನ ಗಿರಣಿಗೆ ಹೋದರೆ ಅವರು ಚೀಲ ಮುಟ್ಟಲಿಲ್ಲ, ಆಮೇಲೆ ಬರುವ ರಾಗಿಯೆಲ್ಲ ಕಹಿಯಾಗುತ್ತದಂತೆ. ಮನೆ ಮಿಕ್ಸಿಗೆ ಹಾಕಿದೆ. ಮನೆಯವರೆಲ್ಲ ಸೀನಿದ್ದೇ ಸೀನಿದ್ದು. ಎರಡು ದಿನ ಚಟ್ನಿಯೂ ಕಹಿ. ಪುಡಿಯ ಸಹವಾಸ ಅಲ್ಲಿಗೆ ಬಿಟ್ಟೆ.

ದೊಡ್ಡ ನಷ್ಟ ಬೇಸಿಗೆಯಲ್ಲಿ. ಒಂದೇ ಸಲ ಮೂರು ಲೀಟರ್ ಕುದಿಸಿ ಬಾಟಲಿಗಳಿಗೆ ತುಂಬಿ ಬಚ್ಚಲಲ್ಲಿಟ್ಟೆ. ನಾಲ್ಕನೇ ದಿನ ಮುಚ್ಚಳ ತಿರುಗಿಸಿದರೆ ಢಬ್ ಅಂತ ಹಾರಿತು, ಹುಳಿ ಬಂದ ದೋಸೆಹಿಟ್ಟಿನ ವಾಸನೆ. ನೂರೈವತ್ತೋ ಇನ್ನೂರೋ ರೂಪಾಯಿ ಸಾಮಾನು ಮೋರಿಗೆ ಹೋಯಿತು.

ಈಗಿನ ಲೆಕ್ಕ ಹೀಗಿದೆ. ಸೀಗೆಕಾಯಿ ಎರಡು ಹಿಡಿ, ಬೀಜ ತೆಗೆದ ಅಂಟುವಾಳ ಆರೋ ಏಳೋ, ಮೆಂತ್ಯ ಒಂದೇ ಚಮಚ, ನೀರು ಒಂದೂವರೆ ಲೀಟರ್. ರಾತ್ರಿ ನೆನೆಸಿ, ಬೆಳಗ್ಗೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ, ಮುಚ್ಚಬೇಡಿ, ಉಕ್ಕಿ ಒಲೆಯೆಲ್ಲ ಅಂಟಾಗುತ್ತದೆ. ಕೊನೆಯ ಐದು ನಿಮಿಷಕ್ಕೆ ಹಿತ್ತಲಿನ ಒಂದು ಎಲೆ ಹಾಕುತ್ತೇನೆ, ಯಾವುದು ಅಂತ ಹೇಳಲ್ಲ. ತಣ್ಣಗಾದ ಮೇಲೆ ದಾಸವಾಳದ ಸೊಪ್ಪು ಕಿವುಚಿ, ಹಳೇ ಪಂಚೆಯಲ್ಲಿ ಎರಡು ಸಲ ಸೋಸಿ, ಐಸ್ ಟ್ರೇಗೆ ಸುರಿಯುತ್ತೇನೆ. ಅಷ್ಟೇ ಗುಟ್ಟು. ಐವತ್ತರ ಹತ್ತಿರ ತುಂಡುಗಳಾಗುತ್ತವೆ. ಮಗಳ ಉದ್ದ ಕೂದಲಿಗೆ ಆರು, ನನಗೆ ನಾಲ್ಕು. ಬಿಸಿನೀರಿನ ಚೊಂಬಲ್ಲಿ ಕರಗಿಸಿದರೆ ಆಯಿತು. ತಿಂಗಳಾದರೂ ಕೆಟ್ಟಿಲ್ಲ.

ಗ್ಯಾಸ್ ಬಿಟ್ಟು ಒಂದು ಸಲಕ್ಕೆ ಐವತ್ತು ರೂಪಾಯಿ ಬೀಳಬಹುದು. ಮೊದಲು ಶಾಂಪೂಗೇ ತಿಂಗಳಿಗೆ ಮುನ್ನೂರು ದಾಟುತ್ತಿತ್ತು. ನಮ್ಮದು ತುಮಕೂರು, ಬೋರ್‌ವೆಲ್ ನೀರು ಗಡಸು. ಸೋಪು ಹಾಕಿದರೆ ಬಕೆಟ್ಟಿಗೆ ಬಿಳಿ ಕೆನೆ ಕಟ್ಟುತ್ತದೆ, ಇದಕ್ಕೆ ಆ ರಗಳೆ ಇಲ್ಲ.

ಕೂದಲು ಕಪ್ಪಾಗಲಿ ಅಂತ ಒಂದು ಸಲ ಬೇಕಂತಲೇ ಕಬ್ಬಿಣದ ಬಾಣಲೆಯಲ್ಲಿ ಕುದಿಸಿದೆ. ರಸ ಶಾಯಿಯಂತಾಯಿತು, ಕಪ್ಪಾಗಿದ್ದು ಟವೆಲ್. ಸೋಸಿ ಉಳಿದ ಚರಟದಲ್ಲಿ ಹಿತ್ತಾಳೆ ದೀಪ ಉಜ್ಜಿ ನೋಡಿ, ಚೆನ್ನಾಗಿ ಹೊಳೆಯುತ್ತದೆ. ಬರೀ ಅಂಟುವಾಳದ ನೀರಲ್ಲಿ ಹಳೇ ರೇಷ್ಮೆ ಸೀರೆ ಒಗೆದೆ, ಬಣ್ಣ ಬಿಡಲಿಲ್ಲ. ಮದುವೆ ಸೀರೆ ಅದ್ದುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.