ತುಮಕೂರಿಂದ ಮೂಲ್ಕಿಗೆ ಸರ್ಫಿಂಗ್‌ಗೆ ಹೋಗೋರಿಗೆ
ಸ್ನೇಹಿತರೇ, ಮಂಗ್ಳೂರಿಗೆ ಅಂದ್ರೆ ಎಲ್ರೂ ಶಿರಾಡಿನೇ ಹಿಡೀತಾರೆ, ನಮ್ಗೆ ಮನೆ ಮುಂದಿಂದಾನೇ ಎನ್‌ಎಚ್ 73 ಇದೆಯಲ್ಲ, ತಿಪಟೂರು ಅರಸೀಕೆರೆ ಬೇಲೂರು ಮೂಡಿಗೆರೆ ಮೇಲೆ ಚಾರ್ಮಾಡಿ ಇಳಿದ್ರೆ ದಾರಿನೇ ಒಂದು ಟ್ರಿಪ್. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದ್ಕೊಂಡು ಬೆಳಕಿರೋವಾಗ್ಲೇ ಘಾಟ್ ಇಳೀರಿ, ಮಂಜು ಕವಿದ್ರೆ ಹತ್ತಡಿ ಮುಂದಿನ ತಿರುವೂ ಕಾಣಲ್ಲ, ಹೆಡ್‌ಲೈಟ್ ಹೈ ಬೀಮ್ ಹಾಕ್ಬೇಡಿ, ಇನ್ನೂ ಬೆಳ್ಳಗಾಗುತ್ತೆ.

ಸರ್ಫಿಂಗ್ ಕಲಿಯೋಕೆ ಬೆಳಿಗ್ಗೇನೇ ಒಳ್ಳೇದು, ಗಾಳಿ ಕಮ್ಮಿ, ಅಲೆ ನೀಟಾಗಿ ಬರುತ್ತೆ. ಜೂನ್‌ನಿಂದ ಆಗಸ್ಟ್ ಹೊಸಬರು ದಯವಿಟ್ಟು ನೀರಿಗಿಳೀಬೇಡಿ, ಮಳೆಗಾಲದ ಕಡಲು ಎಳ್ಕೊಂಡೋಗುತ್ತೆ.

ವಾಪಸ್ ಬರೋವಾಗ ಕಾರ್ಕಳ, ಹೆಬ್ರಿ, ಸೋಮೇಶ್ವರದ ಕಾಡು ದಾಟಿ ಆಗುಂಬೆ ಹತ್ತಿ. ಸೆಕೆಂಡ್ ಗೇರಲ್ಲೇ ನಿಧಾನಕ್ಕೆ ಬನ್ನಿ, ಹತ್ತೋ ಗಾಡಿಗೆ ಜಾಗ ಬಿಡಿ ಅಂತ ಇಳಿಯೋರಿಗೂ ಹೇಳಿ, ಕೋತಿಗಳಿಗೆ ಬಿಸ್ಕತ್ ಎಸೀಬೇಡಿ.