ಅರವತ್ತು ದಾಟಿದ ಗೇ, ಲೆಸ್ಬಿಯನ್, ಟ್ರಾನ್ಸ್ ಮಂದಿ ಹುಬ್ಬಳ್ಳಿ-ಧಾರವಾಡದಾಗ ಮನಿ ಹುಡುಕೂದು ಹೆಂಗ

ನಮ್ಮ ಹಿರೇರು ಮನಿ ನೋಡುವಾಗ 'ಯಾರೂ ನಮ್ಮ ತಂಟೆಕ್ಕ ಬರಬಾರ್ದು' ಅಂತ ಊರ ಹೊರಗಿನ ಹೊಸ ಲೇಔಟೋ ಗೇಟ್ ಇರೋ ಅಪಾರ್ಟ್‌ಮೆಂಟೋ ಹಿಡೀತಾರ. 2018ರ ಸೆಪ್ಟೆಂಬರ್ 6ಕ್ಕ ಸುಪ್ರೀಂ ಕೋರ್ಟ್ ತೀರ್ಪು ಬರೂತನಕ ಗೇ ಸಂಬಂಧ ಅಪರಾಧ ಅಂತಿದ್ದ ಐಪಿಸಿ 377ನೇ ಕಲಮಿಗೆ ಹೆದರಕೊಂಡ ಬದುಕಿದವ್ರು, ಹಂಗ ಅನಸೂದು ಸಹಜ. ಆದ್ರ ಅಲ್ಲಿ ಹಾಲು ತರಾಕೂ ಸ್ಕೂಟರ್ ಬೇಕು, ಮೊಣಕಾಲು ಹಿಡಕೊಂಡ ದಿನ ಒಬ್ರ ಮಾರಿ ಕಾಣಂಗಿಲ್ಲ.

ಅದಕ್ಕ ಮನಿ ಆಮ್ಯಾಲ ನೋಡ್ರಿ, ಮೊದಲ ಆ ಮನಿಯಿಂದ ಚಾದಂಗಡಿ ತನಕ ಸಂಜಿ ಹೊತ್ತು ಒಮ್ಮೆ ನಡಕೊಂಡ ಹೋಗ್ರಿ, ಫುಟ್‌ಪಾತ್ ಐತೇನು, ಲೈಟ್ ಹತ್ತತಾವೇನು, ನಡುವ ಕುಂದ್ರಾಕ ಕಟ್ಟಿ ಐತೇನು. ಆದ್ರ ಆ ಕಟ್ಟಿ ಮ್ಯಾಲ ದಿನಾ ಅದ ನಾಕ್ ಮಂದಿ ಕುಂದರತಿದ್ರ ಅದೊಂದು ಚೆಕ್‌ಪೋಸ್ಟ್ ಇದ್ದಂಗ, 'ಮಕ್ಕಳೆಷ್ಟ್ರೀ, ಮನ್ಯಾಗ ಯಾರ್ಯಾರ್ ಅದಾರ' ಅಂತ ಚಾಲೂ ಆಗ್ತೈತಿ. ನಮಗ ಬೇಕಾಗಿದ್ದು ಒಬ್ರ ಕುಂತ್ರೂ ಯಾರೂ ತಿರುಗಿ ನೋಡದ ಜಾಗ: ಉಣಕಲ್ ಕೆರಿ ದಂಡಿ, ಸಾಧನಕೇರಿ, ಇಲ್ಲಾ ಒಂದು ಛಲೋ ಖಾನಾವಳಿ. ದಿನಾ ರೊಟ್ಟಿ ಉಣ್ಣಾಕ ಹೋದ್ರ ನಾಕ್ ದಿನ ಬರಲಿಲ್ಲಂದ್ರ 'ಅಜ್ಜಾರು ಎಲ್ಲಿ' ಅಂತ ಕೇಳವ್ರು ತಾವ ಹುಟ್ಟತಾರ. ಹಂಗ ಅಲ್ಲಿ ಒಬ್ಬೊಬ್ರ ಹೋಗೋ ಬಾತ್‌ರೂಮ್ ಐತೇನು ಅದನ್ನೂ ನೋಡ್ರಿ, ಗಂಡಸ್ರದ್ದು ಹೆಂಗಸ್ರದ್ದು ಅಂತ ಬೋರ್ಡ್ ಇದ್ದಲ್ಲಿ ಟ್ರಾನ್ಸ್ ಮಂದಿಗೆ ತ್ರಾಸು, ವಯಸ್ಸಾದಂಗ ಇನ್ನೂ ತ್ರಾಸು.

ಈಗ ಮನಿ. ಮಾಲಕ್ರು ಕೆಳಗ, ನೀವು ಮ್ಯಾಲ ಅಂದ್ರ ಮೆಟ್ಲ ಹೊರಗಿಂದ ಇರ್ಬೇಕು. ಅವ್ರ ಪಡಸಾಲಿ ಹಾದು ಬರೂದಿದ್ರ ಬಂದವ್ರೆಲ್ಲ ಲೆಕ್ಕಾ ಕೊಡಬೇಕು, ಎರಡ ಸಲ ಕೊಟ್ಟವ್ರು ಮೂರನೇ ಸಲ ಬರಂಗಿಲ್ಲ. ಅಣ್ಣ-ತಮ್ಮಂದ್ರ ಕೈ ಬಿಟ್ಟವರಿಗೆ ದೋಸ್ತ್ರ ಬಳಗ, ಅವ್ರ ಬರೂದ ನಿಂತ್ರ ಏನ್ ಉಳೀತು? ಬಾಡಿಗಿ ಸ್ವಲ್ಪ ಜಾಸ್ತಿ ಆದ್ರೂ ಬ್ಯಾರೆ ಬಾಗಲಾ ಇರೋ ಕೆಳಗಿನ ಮನಿ ಹಿಡೀರಿ. ಎಲ್ಲವ್ವ ದೇವಿ ಸೇವಾ ಮಾಡೋ ಟ್ರಾನ್ಸ್ ಜೋಗಪ್ಪ ಬಾಗಲಿಗೆ ಬಂದ್ರ ಎಲ್ಲವ್ವ ಬಂದ್ಲು ಅಂತ ಕೈ ಮುಗಿಯೋ ಮಂದೀನ, ಅದ ಜೋಗಪ್ಪ ಬಾಡಿಗಿ ಮನಿ ಕೇಳಿದ್ರ ಖಾಲಿ ಇಲ್ಲ ಅಂತಾರ, ಅದು ಬ್ಯಾರೆ ಕಥಿ ಬಿಡ್ರಿ.

ಹುಬ್ಬಳ್ಳಿ-ಧಾರವಾಡ ನಡುವ ಓಡೋ ಚಿಗರಿ ಬಸ್ಸಿನ ಸ್ಟಾಪ್ ನಡಕೊಂಡ ಹೋಗೂವಷ್ಟು ಹತ್ರ ಇದ್ರ ಭಾಳ ಛಲೋ, ಸ್ಟಾಪಿನ ಕಟ್ಟಿ ಬಸ್ಸಿನ ಬಾಗಲಾ ಒಂದ ಸಮ ಇರೂದ್ರಿಂದ ಮೆಟ್ಲ ಹತ್ತೂದಿಲ್ಲ, ಧಾರವಾಡದ ಮಾಳಮಡ್ಡಿ ದೋಸ್ತ್ ಹುಬ್ಬಳ್ಳಿ ವಿದ್ಯಾನಗರಕ್ಕ ಬಂದು ಚಾ ಕುಡದು ಕತ್ತಲಾಗೂದ್ರಾಗ ಮನಿ ಸೇರ್ತಾರ. ಸಾದಾ ಬಸ್ಸಿನ್ಯಾಗ ಶಕ್ತಿ ಯೋಜನೆ 2023ರ ಜೂನ್‌ನಿಂದ ಟ್ರಾನ್ಸ್ ಮಹಿಳೆಯರಿಗೂ ಫ್ರೀ.

ಹಿರಿಯರ ಸಹಾಯವಾಣಿ 14567 ಫೋನಿನ್ಯಾಗ ಹಾಕ್ಕೊಳ್ರಿ, ಮಾಲಕ್ರು ತ್ರಾಸ್ ಕೊಟ್ರ ಕೇಳಾಕ ಬರ್ತೈತಿ. ಅಡ್ವಾನ್ಸ್ ಕೊಡೂ ಮೊದಲು ಮಾತ್ರ 'ನಮ್ಮ ಮನಿಗೆ ಮಂದಿ ಬಂದ್ ಹೋಗ್ತಾರ್ರೀ, ನಡೀತೈತಲ್ಲ' ಅಂತ ಬಾಯಿ ಬಿಟ್ಟ ಕೇಳ್ರಿ.